ನಾಲ್ಕನೆಯ ಸ್ಥಾನದ ವಿಜಯಸ್ತಂಭ

ಗೆದ್ದವರನ್ನು ಹೊಗಳುವುದಕ್ಕೆ ಪ್ರತಿಭೆ ಬೇಕಿಲ್ಲ. ಕಪ್ ಎತ್ತಿದವನ ಕೊರಳಿಗೆ ಹಾರ ಹಾಕಲು ಎರಡು ಕೈ ಇದ್ದರೆ ಸಾಕು. ಆದರೆ ಹತ್ತು ತಂಡಗಳ ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನ ಸಿಕ್ಕಿತೆಂದು ನಡುರಾತ್ರಿ ಒಂದೂವರೆಗೆ ಹಲಗಿ ಬಡಿದು, ಅಮೀನಗಡದ ಕರದಂಟು ಹಂಚಿ, ಮಲಗಿದ್ದ ಓಣಿಯನ್ನೆಲ್ಲ ಎಬ್ಬಿಸಿ ಕಟ್ಟೆಗೆ ಕೂಡಿಸಿದ ಮಹನೀಯರೊಬ್ಬರು ನಮ್ಮ ಇಳಕಲ್ಲಿನಲ್ಲಿದ್ದಾರೆ. 2024ರ ಮೇ 18ರ ಆ ರಾತ್ರಿಯ ಬಗ್ಗೆ ಇದುವರೆಗೆ ಯಾರೂ ಒಂದು ಶಾಸನ ಹಾಕಿಸಿಲ್ಲ. ಐಹೊಳೆ, ಬಾದಾಮಿ, ಪಟ್ಟದಕಲ್ಲುಗಳನ್ನು ಮಗ್ಗುಲಲ್ಲೇ ಇಟ್ಟುಕೊಂಡ ಜಿಲ್ಲೆಗೆ ಇದು ಶೋಭೆಯಲ್ಲ. ಇಳಕಲ್ಲಿನ ಕೆಂಪು ಗ್ರಾನೈಟ್ ದೇಶವಿದೇಶಕ್ಕೆ ಹೋಗಿ ಯಾರ್‍ಯಾರದೋ ಮನೆಯ ನೆಲವಾಗುತ್ತದೆ. ನಮ್ಮವರ ಒಂದು ಪ್ರಶಸ್ತಿಗೆ ಮಾತ್ರ ಚಪ್ಪಡಿ ಸಿಗುವುದಿಲ್ಲ. ಕಲ್ಲಿಲ್ಲದ್ದಕ್ಕೆ ಕಾಗದ.

ಹೆಸರು ಬರೆಯುವುದಿಲ್ಲ. ಅವರಿಗೇ ಹೆಸರಿನ ಹಂಬಲವಿಲ್ಲ. ಬೆನ್ನ ಮೇಲೆ ದಿಲ್ಲಿಯ ಹುಡುಗನೊಬ್ಬನ ಹೆಸರನ್ನೂ 18 ಎಂಬ ಸಂಖ್ಯೆಯನ್ನೂ ಹೊತ್ತು ವರ್ಷಗಟ್ಟಲೆ ತಿರುಗಿದವರಿಗೆ ಸ್ವಂತ ಹೆಸರು ಯಾತಕ್ಕೆ? ಇಲ್ಲಿ ಅವರನ್ನು ‘ಅಭಿಮಾನಿಗಳು’ ಎಂದೇ ಕರೆಯುತ್ತೇನೆ. ಬಹುವಚನ ಗೌರವಕ್ಕೆ. ರಾಜ್‌ಕುಮಾರ್ ಅವರು ಅಭಿಮಾನಿಗಳನ್ನು ದೇವರೆಂದು ಕರೆದ ನಾಡು ಇದು. ದೇವರನ್ನು ಏಕವಚನದಲ್ಲಿ ಮಾತಾಡಿಸುವ ಸಲುಗೆ ಶರಣರಿಗಿತ್ತು, ದಾಸರಿಗಿತ್ತು. ಪಕ್ಕದ ಮನೆಯವನಾದ ನನಗಿಲ್ಲ.

ಅಭಿಮಾನಿಗಳು ಮಗ್ಗದ ಮನೆಯವರು. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಅವರು ಹೇಗೆ ಪಾಸಾದರೆಂಬುದು ಅವರ ಮಾಸ್ತರರಿಗೂ ಬಗೆಹರಿಯದ ಲೆಕ್ಕ. ಅಂಥವರು ಇವತ್ತು ನೆಟ್ ರನ್ ರೇಟನ್ನು ದಶಮಾಂಶದ ಮೂರನೆಯ ಮನೆಯ ತನಕ ಬಾಯಿಲೆಕ್ಕದಲ್ಲಿ ಹೇಳುತ್ತಾರೆ. ಈ ವಿದ್ಯೆ ಅವರಿಗೆ ಒಲಿದದ್ದು ಸೋಲಿನಿಂದ. ಚೆನ್ನೈ, ಮುಂಬೈ ಅಭಿಮಾನಿಗಳು ಐದೈದು ಕಪ್ ಎಣಿಸಿದರು. ಐದರ ತನಕ ಎಣಿಸಲು ಒಂದು ಕೈಯ ಬೆರಳು ಸಾಕು. ಅವರ ಗಣಿತ ಅಲ್ಲಿಗೇ ನಿಂತಿತು. ನಮ್ಮವರು ಹಾಗಲ್ಲ. 2008ರ ಏಪ್ರಿಲ್ 18ರಂದು, ಐಪಿಎಲ್ ಎಂಬ ಜಾತ್ರೆಯ ಮೊಟ್ಟಮೊದಲ ಆಟದಲ್ಲೇ, ಕೋಲ್ಕತ್ತದ ಮೆಕಲಮ್ ಒಬ್ಬನೇ 158 ಬಡಿದ. ನಮ್ಮ ಬೆಂಗಳೂರು ತಂಡದ ಹನ್ನೊಂದು ಜನ ಸೇರಿ 82. ಅಂದು ಶುರುವಾದ ಕಳೆಯುವ ಲೆಕ್ಕ ಮುಂದೆ ನಿಲ್ಲಲಿಲ್ಲ. 2009ರ ಫೈನಲ್ಲಿನಲ್ಲಿ ಆರು ರನ್ ಕಡಿಮೆ, 2011ರಲ್ಲಿ ಐವತ್ತೆಂಟು ಕಡಿಮೆ, 2016ರಲ್ಲಿ ನಮ್ಮದೇ ಬೆಂಗಳೂರಿನ ಅಂಗಳದಲ್ಲಿ ಎಂಟು ಕಡಿಮೆ. ಏಪ್ರಿಲ್ 23 ಎಂಬ ತಾರೀಖೊಂದನ್ನೇ ತೆಗೆದುಕೊಳ್ಳಿ. 2013ರ ಆ ದಿನ ಗೇಲ್ ಒಬ್ಬನೇ 175, ತಂಡ 263. ನಾಲ್ಕು ವರ್ಷ ಬಿಟ್ಟು ಅದೇ ದಿನ ಇಡೀ ತಂಡ ಸೇರಿ 49. ಬೇರೆ ಯಾವ ಊರಿನ ಹುಡುಗರಿಗೆ ಸರಾಸರಿ ಎಂದರೇನೆಂದು ಇಷ್ಟು ಮನದಟ್ಟಾಗುವಂತೆ ಕಲಿಸಿದ್ದಾರೆ?

2024ರ ಬೇಸಿಗೆ ಈ ವಿದ್ಯೆಗೆ ಪರೀಕ್ಷೆಯ ಕಾಲ. ಮೊದಲ ಎಂಟು ಆಟದಲ್ಲಿ ಒಂದು ಗೆಲುವು, ಏಳು ಸೋಲು. ಏಪ್ರಿಲ್ 15ಕ್ಕೆ ಹೈದರಾಬಾದಿನವರು ಚಿನ್ನಸ್ವಾಮಿಗೇ ಬಂದು 287 ಬಡಿದು ಹೋದರು. ಏಪ್ರಿಲ್ 21ಕ್ಕೆ ಕೋಲ್ಕತ್ತದಲ್ಲಿ ಒಂದೇ ಒಂದು ರನ್ನಿನಿಂದ ಸೋಲು. ಆ ರಾತ್ರಿ ಕರ್ನಾಟಕದ ಅರ್ಧಕ್ಕರ್ಧ ಮನೆಗಳು ಟೀವಿ ಬಂದ್ ಮಾಡಿ ಮಲಗಿದವು. ಅಭಿಮಾನಿಗಳು ಕಟ್ಟೆಗೆ ಬಂದು ಕ್ಯಾಲ್ಕುಲೇಟರ್ ತೆಗೆದರು.

‘ಕಾಕಾ, ಇನ್ನ ಆರು ಮ್ಯಾಚ್ ಅದಾವ್ರಿ. ಆರೂ ಗೆದ್ರ ಹದಿನಾಲ್ಕು ಪಾಯಿಂಟ್.’

‘ಏಳು ಸೋತಾವ್ರು ಆರು ಗೆಲ್ತಾರೇನಪಾ?’ ಎಂದೆ. ನಾನು ಹುನಗುಂದದಲ್ಲಿ ಓದಿದವನು, ತರ್ಕ ಒಂದಿಷ್ಟು ಬಲ್ಲೆನೆಂಬ ಅಹಂಕಾರ.

‘ಸೋಲೂದು ಮುಗಿಸ್ಯಾರಲ್ರೀ. ಇನ್ನ ಉಳದದ್ದು ಗೆಲುವ ಅಲ್ಲೇನು?’

ತರ್ಕಶಾಸ್ತ್ರದ ಯಾವ ಗ್ರಂಥದಲ್ಲೂ ಇದಕ್ಕೆ ಉತ್ತರವಿಲ್ಲ. ಮುಂದಿನ ಆರೂ ಆಟ ಗೆದ್ದರೆಂಬುದು ಚರಿತ್ರೆ. ಹೈದರಾಬಾದು, ಗುಜರಾತು ಎರಡು ಸಲ, ಪಂಜಾಬು, ದಿಲ್ಲಿ. ಆರನೆಯದಕ್ಕೆ ಬರುತ್ತೇನೆ, ಅವಸರ ಬೇಡ.

ಈ ಅವಧಿಯಲ್ಲಿ ಅಭಿಮಾನಿಗಳ ಹೃದಯವೈಶಾಲ್ಯ ಬೆಳೆದ ಪರಿಯನ್ನು ಹೇಳಲೇಬೇಕು. ತಮ್ಮ ತಂಡ ಗೆದ್ದರಷ್ಟೇ ಸಾಲದು, ಉಳಿದವರು ಲೆಕ್ಕಕ್ಕೆ ಸರಿಯಾಗಿ ಸೋಲಬೇಕು. ಆದ್ದರಿಂದ ಅವರು ದಿನಕ್ಕೊಂದು ಊರನ್ನು ಪ್ರೀತಿಸತೊಡಗಿದರು. ಮೇ 8ರಂದು ಹೈದರಾಬಾದು ಲಖನೌದ 165 ರನ್ನನ್ನು ವಿಕೆಟ್ ಕಳೆದುಕೊಳ್ಳದೆ 58 ಎಸೆತದಲ್ಲಿ ಮುಗಿಸಿದಾಗ ನಮ್ಮ ಓಣಿಯಲ್ಲಿ ಪಟಾಕಿ. ಮೂರು ವಾರದ ಹಿಂದೆ 287 ಬಡಿದು ನಮ್ಮ ಮಾನ ಕಳೆದವರು ಇವರೇ ಅಲ್ಲವೆ? ಅಭಿಮಾನಿಗಳು ಹಗೆ ಇಟ್ಟುಕೊಳ್ಳುವವರಲ್ಲ. ಭಾರತದ ಏಕತೆಗಾಗಿ ಕನ್ಯಾಕುಮಾರಿಯಿಂದ ಕಾಶ್ಮೀರಕ್ಕೆ ನಡೆದವರನ್ನು ನೋಡಿದ್ದೇವೆ; ಇಳಕಲ್ಲಿನ ಕಟ್ಟೆಯ ಮೇಲೆ ಕುಳಿತೇ ಒಂದು ತಿಂಗಳಲ್ಲಿ ಒಂಬತ್ತು ಊರಿಗೆ ಜೈಕಾರ ಹಾಕಿದವರನ್ನು ಯಾರು ನೆನೆಯುತ್ತಾರೆ?

ಇನ್ನು ತಂಡದ ಮೇಲಿನ ಅವರ ಹಕ್ಕು. ಕೆಲವು ಕುಹಕಿಗಳು ಕೇಳುತ್ತಾರೆ, ಇಳಕಲ್ಲಿಗೂ ಆ ತಂಡಕ್ಕೂ ಏನು ಸಂಬಂಧ ಎಂದು. ಮೇ 18ರಂದು ಆಡಿದ ಹನ್ನೊಂದರಲ್ಲಿ ಕರ್ನಾಟಕದವನು ಒಬ್ಬನೂ ಇರಲಿಲ್ಲ ಎಂದು ಬೆರಳು ಮಡಿಚಿ ತೋರಿಸುತ್ತಾರೆ. ನಾಯಕ ದಕ್ಷಿಣ ಆಫ್ರಿಕದವನು. ವಿಕೆಟ್ ಹಿಂದೆ ನಿಂತ ದಿನೇಶ್ ಕಾರ್ತಿಕ್ ಅಪ್ಪಟ ಚೆನ್ನೈನವನು, ಅದೂ ಚೆನ್ನೈ ಎದುರಿನ ಆಟದಲ್ಲಿ. ಇಂಥವರು ಪಟ್ಟದಕಲ್ಲಿಗೆ ಹೋಗಿ ಬರಬೇಕು. ಕಂಚಿಯನ್ನು ಗೆದ್ದ ವಿಕ್ರಮಾದಿತ್ಯನ ಗೆಲುವಿನ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇವಾಲಯಕ್ಕೆ ಮಾದರಿ ಯಾವುದು? ಸೋತ ಕಂಚಿಯ ಕೈಲಾಸನಾಥ. ಎದುರಾಳಿಯ ಊರಿನ ಒಳ್ಳೆಯದನ್ನು ತಂದು ನಮ್ಮದೆಂದು ಮೆರೆಸುವುದು ಮಲಪ್ರಭೆ ದಂಡೆಯ ಹಳೆಯ ಪದ್ಧತಿ. ಕಾರ್ತಿಕ್ ಆ ಪರಂಪರೆಯಲ್ಲಿ ಬಂದವನು.

ಸಂಬಂಧಕ್ಕೆ ಅಭಿಮಾನಿಗಳು ಕೊಡುವ ಸಾಕ್ಷ್ಯವೇ ಬೇರೆ. ‘ನಮ್ಮವ್ವನ ಸೀರಿ ನೋಡಿ ಅವ್ರು ಅಂಗಿ ಹೊಲಸ್ಯಾರ್ರಿ’ ಎನ್ನುತ್ತಾರೆ. ಕರಿಯ ಚಂದ್ರಕಾಳಿ ಮೈ, ಕೆಂಪು ಸೆರಗು: ಇಳಕಲ್ ಸೀರೆಗೂ ತಂಡದ ಅಂಗಿಗೂ ವ್ಯತ್ಯಾಸವೇನು? ದುರದೃಷ್ಟ ನೋಡಿ, ಅದೇ 2024ರ ಮಾರ್ಚಿನಲ್ಲಿ ತಂಡದವರು ಬ್ಯಾಂಗಲೋರನ್ನು ಬೆಂಗಳೂರು ಮಾಡುವ ಭರದಲ್ಲಿ ಅಂಗಿಯ ಬಣ್ಣವನ್ನೂ ಬದಲಿಸಿದರು. ಕೆಂಪು ಉಳಿಯಿತು, ಕಪ್ಪಿದ್ದ ಕಡೆ ನೀಲಿ ಬಂತು. ಕೈಗೆ ಸಿಗದಿದ್ದ ಕಪ್ಪು ಅಂಗಿಯಿಂದಲೂ ಹೋಯಿತೆಂದು ನಾವು ಮರುಗಿದೆವು. ಅಭಿಮಾನಿಗಳು ಅಳುಕಲಿಲ್ಲ. ‘ಇಳಕಲ್ ಸೀರಿ ಮೈ ಯಾವ ಬಣ್ಣದ್ದರ ಇರಲಿ, ಸೆರಗು ಕೆಂಪನ ಇರಬೇಕು. ಹೌದಲ್ರಿ?’ ಹೌದು. ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ, ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುವುದೇ ನಮ್ಮ ಊರಿನ ಕಸುಬು. ಎಲ್ಲಿಯ ತಂಡ, ಎಲ್ಲಿಯ ಇಳಕಲ್. ಕೊಂಡಿ ಹಾಕಲು ಕೈ ಪಳಗಿದವರಿಗೆ ಯಾವುದು ಕಷ್ಟ?

ಅವರ ಅವ್ವ ಮಗ್ಗದಲ್ಲಿ ಕುಳಿತಲ್ಲಿಂದಲೇ ಒಂದು ಮಾತು ಎಸೆಯುತ್ತಾಳೆ: ‘ಹೆಣ್ಮಕ್ಕಳು ಎರಡನೇ ವರ್ಷಕ್ಕ ಕಪ್ ತಂದ್ರು. ಇವ್ರು ಹದಿನಾರು ವರ್ಷಾತು, ಬರೇ ಲೆಕ್ಕಾ ಹಾಕ್ಕೋತ ಕುಂತಾರ.’ ಮಾರ್ಚ್ 17ರಂದು ಸ್ಮೃತಿ ಮಂದಾನ ನಾಯಕಿಯಾಗಿದ್ದ ಹೆಣ್ಣುಮಕ್ಕಳ ತಂಡ ದಿಲ್ಲಿಯನ್ನು ಅದರ ಊರಿನಲ್ಲೇ ಎಂಟು ವಿಕೆಟ್ಟಿನಿಂದ ಸೋಲಿಸಿ ಕಪ್ ಎತ್ತಿತ್ತು. ನಮ್ಮ ಕರ್ನಾಟಕದ ಶ್ರೇಯಾಂಕಾ ಪಾಟೀಲ ಆ ಫೈನಲ್ಲಿನಲ್ಲಿ ಹನ್ನೆರಡು ರನ್ನಿಗೆ ನಾಲ್ಕು ವಿಕೆಟ್ ಕಿತ್ತಿದ್ದಳು. ಅಭಿಮಾನಿಗಳು ಅದಕ್ಕೂ ಸಂತೋಷಪಟ್ಟರು, ಅಚ್ಚುಕಟ್ಟಾಗಿ ಹತ್ತು ನಿಮಿಷ. ಅಷ್ಟು ಸರಳವಾಗಿ ಬಂದ ಕಪ್ಪಿಗೆ ಹಲಗಿ ಬಡಿಯುವುದು ಅವರ ದರ್ಜೆಗೆ ತಕ್ಕುದಲ್ಲ.

ವ್ಯಸನದ ಮಾತನ್ನೂ ಮುಚ್ಚಿಡಬಾರದು. ಇಳಕಲ್ಲಿನ ವಿಜಯ ಮಹಾಂತೇಶ ಮಠದ ಮಹಾಂತ ಶಿವಯೋಗಿಗಳು ಹೆಗಲಿಗೆ ಜೋಳಿಗೆ ಹಾಕಿಕೊಂಡು ಮನೆಮನೆಗೆ ಹೋಗಿ ಜನರ ಕುಡಿತ, ತಂಬಾಕುಗಳನ್ನು ಭಿಕ್ಷೆ ಬೇಡಿದವರು. ಅವರ ಹುಟ್ಟಿದ ದಿನ ಆಗಸ್ಟ್ 1 ಇವತ್ತು ರಾಜ್ಯಕ್ಕೆಲ್ಲ ವ್ಯಸನಮುಕ್ತ ದಿನ. ಅಭಿಮಾನಿಗಳ ಅಪ್ಪ ತಮ್ಮ ಕುಡಿತವನ್ನು ಆ ಜೋಳಿಗೆಗೆ ಹಾಕಿದವರು, ಮತ್ತೆ ಮುಟ್ಟಲಿಲ್ಲ. ಮಗ ಹುಟ್ಟಾ ಒಂದು ಹನಿ ಕುಡಿದವರಲ್ಲ; ವಿಸ್ಕಿಯ ಹೆಸರು ಹೊತ್ತ ತಂಡಕ್ಕೆ ಜೈ ಎನ್ನುವುದರಲ್ಲೇ ಅವರಿಗೆ ನಿಶೆ ಏರುತ್ತದೆ. ಖರ್ಚಿಲ್ಲ, ವಾಸನೆಯಿಲ್ಲ, ಲಿವರಿಗೆ ಧಕ್ಕೆಯಿಲ್ಲ. ಮರುದಿನದ ತಲೆನೋವು ಮಾತ್ರ ಅದೇ.

ಮೇ 18ಕ್ಕೆ ಬರೋಣ. ಬಾಗಲಕೋಟೆಯಲ್ಲಿ ಲೋಕಸಭೆಗೆ ಮತದಾನ ಮೇ 7ಕ್ಕೇ ಮುಗಿದಿತ್ತು, ಎಣಿಕೆ ಜೂನ್ 4ಕ್ಕೆ. ಮತ ಹಾಕಿದ ಜಿಲ್ಲೆಗೆ ನಾಲ್ಕು ವಾರ ಬಿಸಿಲು ಕಾಯುವುದು ಬಿಟ್ಟರೆ ಕೆಲಸವಿರಲಿಲ್ಲ. ಅಂದು ಶನಿವಾರ. ಎದುರಾಳಿ ಚೆನ್ನೈ. ಗೆದ್ದರಷ್ಟೇ ಆಗದು, ಮೊದಲು ಆಡಿ ಇನ್ನೂರರ ಸುತ್ತ ಹೊಡೆದರೆ ಹದಿನೆಂಟು ರನ್ ಅಂತರದಿಂದ ಗೆಲ್ಲಬೇಕು. ತಾರೀಖು ಹದಿನೆಂಟು, ಅಂಗಿಯ ಮೇಲೆ ಹದಿನೆಂಟು, ಬೇಕಾದ ಅಂತರ ಹದಿನೆಂಟು. ಪಂಚಾಂಗ ನೋಡುವವರು ಸುಮ್ಮನಾದರು.

ಕಿಟಕಿಯಲ್ಲಿ ಟೀವಿ ಇಟ್ಟು ಬೇವಿನ ಗಿಡದ ಕೆಳಗೆ ಜಮಖಾನೆ ಹಾಸಿದ್ದರು. ಮಿರ್ಚಿ, ಗಿರ್ಮಿಟ್ಟು, ಚಹಾ. ಮೂರು ಓವರು ಆಗುವಷ್ಟರಲ್ಲಿ ಬೆಂಗಳೂರಿನಲ್ಲಿ ಮಳೆ. ‘ಇಲ್ಲಿ ಎರೆಹೊಲ ಬಾಯಿ ಬಿಟ್ಟೈತಿ, ಅಲ್ಲಿ ಹೋಗಿ ಸುರೀತೈತಿ ನೋಡ್ರಿ’ ಎಂದು ಒಬ್ಬ ಮುದುಕ ಮೋಡಕ್ಕೆ ಬೈದ. ಮಳೆ ನಿಂತಿತು. 218 ಆಯಿತು. ಚೆನ್ನೈಗೆ ಗೆಲ್ಲಲು 219, ಸೋತೂ ಒಳಗೆ ಹೋಗಲು 201. ಇಂಥ ಆಟವನ್ನು ವಿವರಿಸುವುದು ಸುಲಭವಲ್ಲ. ಎದುರಾಳಿ ಸೋಲುವುದು ಖಚಿತ, ಆದರೂ ಗೆಲ್ಲಬಹುದು. ನಾವು ಗೆಲ್ಲುವುದು ಖಚಿತ, ಆದರೂ ಸೋಲಬಹುದು. ಕೂಡಲಸಂಗಮದ ಪಕ್ಕದವರಾದ ನಮಗೆ ಬೆಡಗಿನ ಮಾತು ಕೇಳಿ ಅಭ್ಯಾಸ, ಹೇಗೋ ತಿಳಿದುಕೊಂಡೆವು.

ಕೊನೆಯ ಓವರಿನಲ್ಲಿ ಒಳಗೆ ಹೋಗಲು ಚೆನ್ನೈಗೆ ಬೇಕಾದದ್ದು 17. ಕ್ರೀಸಿನಲ್ಲಿ ಧೋನಿ, ಚೆಂಡು ಯಶ್ ದಯಾಳ್ ಕೈಯಲ್ಲಿ. ಹಿಂದಿನ ವರ್ಷ ಗುಜರಾತಿನ ಅಂಗಿಯಲ್ಲಿ ಕೊನೆಯ ಓವರಿನಲ್ಲಿ ಐದು ಸಿಕ್ಸರ್ ತಿಂದ ಹುಡುಗ ಇವನೇ. ಮೊದಲ ಎಸೆತ 110 ಮೀಟರು ಹಾರಿ ಸ್ಟೇಡಿಯಮ್ಮಿನ ಮಾಡು ದಾಟಿ ಹೊರಗೆ ಬಿತ್ತು. ನಮ್ಮ ಓಣಿಯಲ್ಲಿ ಚಹಾದ ಲೋಟ ಕೆಳಗಿಟ್ಟ ಸಪ್ಪಳ ಕೇಳಿಸುವಷ್ಟು ಮೌನ. ಅಭಿಮಾನಿಗಳು ಮಾತ್ರ ಎದ್ದು ನಿಂತು, ‘ಚೊಲೋ ಆತು, ತೊಯ್ದ ಚೆಂಡು ಹೋತು. ಇನ್ನ ಒಣಾದು ಕೊಡ್ತಾರ’ ಎಂದರು. ಆರು ರನ್ ಕೊಟ್ಟು ಒಂದು ಒಣ ಚೆಂಡು ಕೊಂಡದ್ದನ್ನು ಲಾಭವೆಂದು ಬರೆದುಕೊಳ್ಳುವವರು ಇಳಕಲ್ ಪೇಟೆಯಲ್ಲಿ ಬೇರೆ ಯಾರಿದ್ದಾರೆ? ಆಟ ಮುಗಿದ ಮೇಲೆ ದಿನೇಶ್ ಕಾರ್ತಿಕ್ ಕೂಡ ಇದೇ ಅರ್ಥದ ಮಾತಾಡಿದ್ದನ್ನು ಅಭಿಮಾನಿಗಳು ಈಗಲೂ ಪೇಪರಿನ ತುಂಡಿನೊಂದಿಗೆ ರುಜುವಾತು ಮಾಡುತ್ತಾರೆ.

ಮುಂದಿನ ಎಸೆತಕ್ಕೆ ಧೋನಿ ಔಟು. ಇದನ್ನು ನಾವು ಎರಡು ಸಲ ಅನುಭವಿಸಿದೆವು. ಪಕ್ಕದ ಮನೆಯ ಟೀವಿ ನಮ್ಮದಕ್ಕಿಂತ ನಾಲ್ಕು ಸೆಕೆಂಡು ಮುಂದಿತ್ತು. ಅಲ್ಲಿ ಕೂಗೆದ್ದಾಗ ಒಮ್ಮೆ ಕುಣಿದೆವು, ನಮ್ಮಲ್ಲಿ ಔಟಾದಾಗ ಮತ್ತೊಮ್ಮೆ. ಉಳಿದ ನಾಲ್ಕು ಎಸೆತಕ್ಕೆ ಬಂದದ್ದು ಒಂದೇ ರನ್ನು. ಚೆನ್ನೈ 191. ಇಪ್ಪತ್ತೇಳು ರನ್ನಿನ ಗೆಲುವು. ಇಬ್ಬರಿಗೂ ಹದಿನಾಲ್ಕೇ ಅಂಕ, ನಮ್ಮದು 0.459, ಅವರದು 0.392. ಎರಡರ ನಡುವಿನ ಅಂತರ 0.067. ಹೀಗೆ ಸೊನ್ನೆಯಿಂದ ಶುರುವಾಗುವ ಸಂಖ್ಯೆಯೊಂದಕ್ಕೆ ಐದು ಕೆಜಿ ಕರದಂಟು ಖರ್ಚಾಯಿತು.

ಕರದಂಟಿನ ವಿಷಯದಲ್ಲಿ ನಾನೊಂದು ತಕರಾರು ತೆಗೆದೆ. ‘ಅಂಟು, ಕೊಬ್ಬರಿ ಹಾಕಿದ್ದು ಬಾಣಂತಿಗೆ ತಿನ್ನಿಸೂದಪಾ. ಇನ್ನ ಹೆರಿಗೀನ ಆಗಿಲ್ಲ.’ ನಿಜ ತಾನೆ? ಲೀಗ್ ಹಂತ ಮುಗಿದಿತ್ತು ಅಷ್ಟೆ. ಮುಂದೆ ಎಲಿಮಿನೇಟರ್, ಅದು ದಾಟಿದರೆ ಕ್ವಾಲಿಫೈಯರ್, ಅದೂ ದಾಟಿದರೆ ಫೈನಲ್. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದೆಂದು ನಮ್ಮ ಹಿರಿಯರು ಹೇಳಿದ್ದಾರೆ. ಅಭಿಮಾನಿಗಳು ನನ್ನನ್ನು ಕರುಣೆಯಿಂದ ನೋಡಿದರು. ‘ಕಾಕಾ, ಹದಿನೇಳನೇ ವರ್ಷ ಬಸುರು. ಕುಲಾವಿ ಹೊಲದು ಹೊಲದು ಈಗ ಎಂಥಾ ಕೂಸಿನ ತಲಿಗೂ ಬರೂ ಕುಲಾವಿ ಮನ್ಯಾಗ ಅದಾವ.’

ಆಮೇಲೆ ಯೋಚಿಸಿದರೆ ತಪ್ಪು ನನ್ನದೇ. ಕುಲಾವಿಯ ಗಾದೆ ಎಲ್ಲಿಂದ ಬಂತೋ ಗೊತ್ತಿಲ್ಲ, ಬಾದಾಮಿ ತಾಲ್ಲೂಕಿನಿಂದಂತೂ ಬಂದದ್ದಲ್ಲ. ಮಹಾಕೂಟದಲ್ಲಿ ಚಾಲುಕ್ಯ ಮಂಗಳೇಶ ಕ್ರಿ.ಶ. 600ರ ಆಸುಪಾಸಿನಲ್ಲಿ ಒಂದು ಕಂಬ ನಿಲ್ಲಿಸಿದ. ಅದರ ಶಾಸನ ಹೇಳುವುದೇನು? ಉತ್ತರ ದೇಶ ಗೆದ್ದು ಭಾಗೀರಥಿಯ ದಂಡೆಯಲ್ಲಿ ವಿಜಯಸ್ತಂಭ ನೆಡಬೇಕೆಂಬ ಆಸೆ ಅರಸನಿಗೆ; ಅದಕ್ಕೆ ಮುಂಚೆ ಇಲ್ಲೇ ಧರ್ಮದ ವಿಜಯಸ್ತಂಭವೊಂದನ್ನು ನಿಲ್ಲಿಸಿಬಿಡೋಣ ಎಂದು ನಿಲ್ಲಿಸಿದ್ದು. ಭಾಗೀರಥಿಯ ದಂಡೆಗೆ ಅವನು ಕೊನೆಗೂ ಹೋಗಲಿಲ್ಲ. ಅಣ್ಣನ ಮಗ ಪುಲಕೇಶಿಯ ಜೊತೆ ಸಿಂಹಾಸನದ ಜಗಳದಲ್ಲೇ ಅವನ ಕಥೆ ಮುಗಿಯಿತು. ಕಂಬ ಉಳಿಯಿತು, ಈಗ ವಿಜಯಪುರದ ಮ್ಯೂಸಿಯಮ್ಮಿನಲ್ಲಿದೆ. ಯುದ್ಧ ಬರಲಿ ಬಿಡಲಿ, ಸ್ತಂಭ ಮೊದಲು. ಹದಿನಾಲ್ಕು ಶತಮಾನದ ಹಿಂದೆಯೇ ನಮ್ಮಲ್ಲಿ ಈ ಕ್ರಮ ಇತ್ತೆಂದು ಅಭಿಮಾನಿಗಳಿಗೆ ತಿಳಿಸಿದೆ. ಅವರಿಗೆ ಆಶ್ಚರ್ಯವಾಗಲಿಲ್ಲ. ‘ಅಂವನೂ ನಮ್ಮ ಪೈಕಿನ ಬಿಡ್ರಿ’ ಎಂದರು.

ಅಂಕಗಣಿತವನ್ನು ಹೊಗಳಿಕೆಗೆ ಬೆರೆಸುವ ವಿದ್ಯೆಗೂ ಇಲ್ಲೇ ಗುರುಪೀಠವಿದೆ. ನಮ್ಮ ಹುನಗುಂದ ತಾಲ್ಲೂಕಿನ ಐಹೊಳೆಗೆ ಹೋಗಿ ಮೇಗುತಿ ಗುಡ್ಡ ಹತ್ತಿ. ಬಸದಿಯ ಪೂರ್ವದ ಗೋಡೆಯ ಮೇಲೆ ರವಿಕೀರ್ತಿ 634ರಲ್ಲಿ ಇಮ್ಮಡಿ ಪುಲಕೇಶಿಯನ್ನು ಹೊಗಳಿದ್ದು ಈಗಲೂ ಇದೆ. ನರ್ಮದೆಯ ಆಚೆಗೆ ಹರ್ಷನನ್ನು ತಡೆದು ನಿಲ್ಲಿಸಿದ್ದಕ್ಕೆ ಹರ್ಷನ ಹೆಸರಿನ ಮೇಲೇ ಶ್ಲೇಷೆ ಮಾಡಿ ರೇಗಿಸಿದ ಕವಿ ಅವನು. ಗಮನಿಸಿ, ಹರ್ಷನ ರಾಜಧಾನಿಯನ್ನು ಪುಲಕೇಶಿ ಹಿಡಿಯಲಿಲ್ಲ, ಒಳಗೆ ಬರದಂತೆ ತಡೆದ. ಶುದ್ಧ ನೆಟ್ ರನ್ ರೇಟಿನ ಗೆಲುವು. ರವಿಕೀರ್ತಿ ಅಷ್ಟಕ್ಕೇ ಬಿಡದೆ, ಭಾರತ ಯುದ್ಧವಾಗಿ 3735 ವರ್ಷ, ಶಕವರ್ಷ 556 ಎಂದು ಲೆಕ್ಕ ಹಾಕಿ, ಕೊನೆಗೆ ತನ್ನನ್ನು ಕಾಳಿದಾಸ, ಭಾರವಿಯರ ಸಾಲಿಗೆ ಸೇರಿಸಿಕೊಂಡ. ಅಭಿಮಾನಿ ಎಂದರೆ ಹೀಗಿರಬೇಕು. ಎಂಟೇ ವರ್ಷಕ್ಕೆ, 642ರಲ್ಲಿ, ಕಂಚಿಯ ನರಸಿಂಹವರ್ಮ ಬಂದು ಬಾದಾಮಿಯನ್ನೇ ಹಿಡಿದು ಅಲ್ಲಿನ ಬಂಡೆಯ ಮೇಲೆ ತನ್ನ ಶಾಸನ ಕೆತ್ತಿಸಿದ. ಮೇಗುತಿಯ ಗೋಡೆಯಿಂದ ಆ ಕಾರಣಕ್ಕೆ ಒಂದಕ್ಷರವನ್ನೂ ಯಾರೂ ಅಳಿಸಲಿಲ್ಲ. ‘642ರಾಗ ಅವ್ರು, 2024ರಾಗ ನಾವು. 1,382 ವರ್ಷದ ಬಾಕಿ ಚುಕ್ತಾ’ ಎಂದು ಅಭಿಮಾನಿಗಳು ಆ ರಾತ್ರಿಯೇ ಘೋಷಿಸಿದರು. ನಡುವೆ ವಿಕ್ರಮಾದಿತ್ಯ ಕಂಚಿಯನ್ನು ಮೂರು ಸಲ ಗೆದ್ದು ಅಲ್ಲಿನ ಕೈಲಾಸನಾಥ ಗುಡಿಯ ಕಂಬದ ಮೇಲೆ ಕನ್ನಡದಲ್ಲೇ ಬರೆಸಿ ಬಂದಿದ್ದಾನೆಂದು ನಾನು ತಿದ್ದಿದೆ. ‘ಅದು ಬ್ಯಾರೆ ಸೀಸನ್ ರೀ’ ಎಂದರು.

ಹಲಗಿ ಬಾಗಲಕೋಟೆಯಿಂದ ಬಂದಿತ್ತು. ಕಿಲ್ಲಾದ ಗೆಳೆಯನೊಬ್ಬನದು. ಹೋಳಿಯಲ್ಲಿ ಬಣ್ಣದ ಬಂಡಿಗಳ ಮುಂದೆ ದಿನಗಟ್ಟಲೆ ಬಾರಿಸಿದ ಹಲಗಿ. ಅದರ ಚರ್ಮಕ್ಕೆ ಕಾರಣ ಕೇಳುವ ಚಟವಿಲ್ಲ. ಒಂದೂವರೆಗೆ ಶುರುವಾದದ್ದು ಮೂರಕ್ಕೆ ನಿಂತಿತು. ಬೈಕುಗಳು ಹೆದ್ದಾರಿ ಹಿಡಿದು ಹುನಗುಂದದ ತನಕ ಹೋಗಿ, ಅಲ್ಲಿಂದ ಹೊರಟಿದ್ದ ಅಂಥದೇ ದಂಡಿಗೆ ಎದುರಾಗಿ, ಒಬ್ಬರನ್ನೊಬ್ಬರು ತಬ್ಬಿಕೊಂಡು ಹಿಂದಿರುಗಿದವು. ಬೆಂಗಳೂರಿನ ಬೀದಿಗಳಲ್ಲೂ ಅದೇ ಗದ್ದಲವೆಂದು ಟೀವಿ ತೋರಿಸಿತು. ನಾಲ್ಕನೆಯವರ ಮೆರವಣಿಗೆ ಇಷ್ಟಾದರೆ ಮೊದಲನೆಯವರದು ಹೇಗಿದ್ದೀತೆಂದು ಕುತೂಹಲದಿಂದ ನೋಡಿದೆ. ಇಪ್ಪತ್ತು ಅಂಕ ಪಡೆದು ಪಟ್ಟಿಯ ತುದಿಯಲ್ಲಿದ್ದ ಕೋಲ್ಕತ್ತದ ಬೀದಿಗಳ ಸುದ್ದಿಯೇ ಇರಲಿಲ್ಲ. ಪಾಪ, ಮಲಗಿದ್ದಿರಬೇಕು.

ಮೇ 22ರಂದು ಅಹಮದಾಬಾದಿನಲ್ಲಿ ಎಲಿಮಿನೇಟರ್. ರಾಜಸ್ಥಾನ ನಾಲ್ಕು ವಿಕೆಟ್ಟಿನಿಂದ ಗೆದ್ದಿತು. ಕರದಂಟಿನ ಡಬ್ಬಿ ಇನ್ನೂ ಖಾಲಿಯಾಗಿರಲಿಲ್ಲ. ಚೆನ್ನೈನ ಹಳೆಯ ಆಟಗಾರ ಅಂಬಟಿ ರಾಯುಡು ಟೀವಿಯಲ್ಲಿ ಕುಳಿತು, ಸಂಭ್ರಮಪಟ್ಟ ಮಾತ್ರಕ್ಕೆ ಕಪ್ ಬರುವುದಿಲ್ಲವೆಂಬ ಅರ್ಥದಲ್ಲಿ ಕುಟುಕಿದರು. ಐದು ಕಪ್ಪಿನವರಿಗೆ ಈ ಸೂಕ್ಷ್ಮ ತಿಳಿಯುವುದಾದರೂ ಹೇಗೆ? ಕಪ್ಪಿಗಾಗಿ ಸಂಭ್ರಮಿಸುವವನು ಕೂಲಿಗಾಗಿ ದುಡಿದವನಂತೆ, ಬಟವಾಡೆ ಆದಮೇಲೆ ನಗುತ್ತಾನೆ. ನಮ್ಮ ಅಭಿಮಾನಿಗಳು ಬಟವಾಡೆಯ ಮುಖ ನೋಡದೆ ನಕ್ಕವರು. ಮರುದಿನ ಬೆಳಗ್ಗೆ ಎಂದಿನಂತೆ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತು, ಲಾಳಿ ಓಡಿಸುತ್ತ, ‘ಬರೂ ವರ್ಷ’ ಎಂದರು. ಅಷ್ಟೇ.

ಈ ‘ಬರೂ ವರ್ಷ’ ಎಂಬುದು ಬಾಗಲಕೋಟೆ ಜಿಲ್ಲೆಯ ಮೂಲಮಂತ್ರ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಓಣಿಗಳು ಹೋದವು, ನವನಗರ ಬಂತು. ಅಣೆಕಟ್ಟಿನ ಎತ್ತರವನ್ನು 519.6 ಮೀಟರಿನಿಂದ 524.256ಕ್ಕೆ ಏರಿಸಲು ನ್ಯಾಯಮಂಡಳಿ ಒಪ್ಪಿದ್ದು 2010ರಲ್ಲಿ. ಅಂದಿನಿಂದ ನೀರು ಬಂದು ಮುಳುಗಿಸುತ್ತದೆಂದು ಒಂದಿಷ್ಟು ಹಳ್ಳಿ, ನೀರು ಬಂದು ಹೊಲ ನೆನೆಸುತ್ತದೆಂದು ಇನ್ನೊಂದಿಷ್ಟು ಹಳ್ಳಿ ಕಾಯುತ್ತ ಕುಳಿತಿವೆ. ದಶಮಾಂಶದ ಮೂರು ಮನೆಯ ಲೆಕ್ಕ ನಮಗೆ ಕ್ರಿಕೆಟ್ಟಿನಿಂದಲೇ ಬಂದದ್ದೆಂದು ಮೇಲೆ ಬರೆದೆನಲ್ಲ, ಅದು ಪೂರ್ತಿ ನಿಜವಲ್ಲ.

2025ರ ಜೂನ್ 3ರ ರಾತ್ರಿ, ಅಹಮದಾಬಾದಿನ ಅದೇ ಅಂಗಳದಲ್ಲಿ, ರಜತ್ ಪಾಟೀದಾರ್ ನಾಯಕತ್ವದಲ್ಲಿ ತಂಡ ಪಂಜಾಬನ್ನು ಸೋಲಿಸಿ ಕಪ್ ಗೆದ್ದಿತು. ಆರು ರನ್ನಿನಿಂದ. 2009ರಲ್ಲಿ ಕಳೆದದ್ದೂ ಆರೇ. ಹದಿನಾರು ವರ್ಷ ಬಡ್ಡಿಯಿಲ್ಲದೆ ಇಟ್ಟುಕೊಂಡು ಅಸಲನ್ನಷ್ಟೇ ಮರಳಿಸಿದರು. ಹಲಗಿ ಬಾರಿಸಿದರು, ಹೌದು. ಕರದಂಟು ಹಂಚಿದರು. ಆದರೆ ನೋಡುವವರಿಗೆ ತಿಳಿಯುತ್ತಿತ್ತು, ಅಭಿಮಾನಿಗಳ ಕೈಯಲ್ಲಿ ಹಳೆಯ ಪೆಟ್ಟಿರಲಿಲ್ಲ. ಲೆಕ್ಕ ಹಾಕಲು ಏನೂ ಉಳಿದಿರಲಿಲ್ಲವಲ್ಲ. ಕ್ಯಾಲ್ಕುಲೇಟರ್ ಜೇಬಿನಲ್ಲೇ ಇತ್ತು. ‘ಗೆದ್ರಲ್ರಿ’ ಎಂದರು ನನಗೆ, ಯಾರೋ ನೆಂಟರ ಮದುವೆ ಮುಗಿದ ಸುದ್ದಿ ಹೇಳುವವರ ಹಾಗೆ.

ಮರುದಿನದ ಬಗ್ಗೆ ಹೊಗಳಲು ಏನೂ ಇಲ್ಲ. ಚಿನ್ನಸ್ವಾಮಿಯ ಗೇಟುಗಳ ಮುಂದೆ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಅಭಿಮಾನಿಗಳು ಹಲಗಿಯನ್ನು ಬಾಗಲಕೋಟೆಗೆ ಕಳಿಸಿಕೊಟ್ಟರು. ಅಂಗಿ ಮಡಿಚಿ ಟ್ರಂಕಿಗೆ ಹಾಕಿದರು. ಕಟ್ಟೆಯ ಮೇಲೆ ಬಹಳ ದಿನ ಮ್ಯಾಚಿನ ಮಾತು ಬರಲಿಲ್ಲ. ಅವರ ಅವ್ವನೂ ಏನೂ ಎಸೆಯಲಿಲ್ಲ.

ಶ್ರಾವಣ ಕಳೆದ ಮೇಲೆ ಒಂದು ಸಂಜೆ ಅವರೇ ನನ್ನ ಪಕ್ಕಕ್ಕೆ ಬಂದು ಕುಳಿತರು. ಕೈಯಲ್ಲಿ ಕ್ಯಾಲ್ಕುಲೇಟರ್. ನನಗೆ ಜೀವ ಬಂದಂತಾಯಿತು.

‘ಕಾಕಾ, ಬಾಗಲಕೋಟಿ–ಕುಡಚಿ ರೈಲು ಒಟ್ಟು ಎಷ್ಟು?’

‘142 ಕಿಲೋಮೀಟರ್.’

‘ಮಂಜೂರಾಗಿದ್ದು?’

‘2010ರಾಗ.’

ಖಜ್ಜಿಡೋಣಿಯ ತನಕ ಮೂವತ್ತು ಚಿಲ್ಲರೆ ಕಿಲೋಮೀಟರ್ ಹಳಿ ಬಿದ್ದು ರೈಲು ಓಡಾಡುವ ಹಾಗಾಗುವುದಕ್ಕೇ ವರ್ಷಗಳು ಎಷ್ಟು ಹಿಡಿದವೆಂದು ಇಬ್ಬರೂ ಕೂಡಿ ಎಣಿಸಿದೆವು. ಅವರು ಭಾಗಿಸಿದರು. ಉಳಿದ ದೂರವನ್ನು ಬಂದ ಉತ್ತರದಿಂದ ಮತ್ತೆ ಭಾಗಿಸಿದರು. ದಶಮಾಂಶದ ಮೂರನೆಯ ಮನೆಯಲ್ಲಿ ಬೆರಳು ನಿಂತಿತು. ಮುಖದ ಮೇಲೆ 2024ರ ಏಪ್ರಿಲ್ 21ರ ರಾತ್ರಿಯ ಆ ಕಳೆ ಮರಳಿತ್ತು.

‘ಇನ್ನ ಚಾನ್ಸ್ ಐತ್ರಿ’ ಎಂದರು.